ಬಿದನೂರಿನ ದಾರಿಯಲ್ಲಿ ಯುದ್ಧದ ಮಾತು

ಮೊದಲ ದಿನ: ಶಿವಮೊಗ್ಗ, ಬಳ್ಳಿಗಾವೆ, ತಾಳಗುಂದ

2025ರ ಆಗಸ್ಟ್ ಎರಡನೆಯ ವಾರ. ಆಷಾಢದ ಅಬ್ಬರ ಇಳಿದು ಶ್ರಾವಣದ ಸೋನೆ ಹಿಡಿದಿತ್ತು. ಮಗಳು ಪದವಿಯಲ್ಲಿ ಇತಿಹಾಸ ಓದುತ್ತಿದ್ದಾಳೆ. ವೀರಗಲ್ಲುಗಳ ಮೇಲೆ ಒಂದು ಪ್ರಬಂಧ ಬರೆಯಬೇಕಿತ್ತು. ನನಗೆ ಬೇರೆಯೇ ಕಾರಣವಿತ್ತು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಹತರಾದರು, ಅವರಲ್ಲಿ ಶಿವಮೊಗ್ಗದವರೊಬ್ಬರಿದ್ದರು. ಮೇ 7ರಿಂದ 10ರವರೆಗೆ ಗಡಿಯಲ್ಲಿ ನಡೆದದ್ದನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಆ ದಿನಗಳಲ್ಲಿ ನನ್ನ ತಾಯಿಯ ವಯಸ್ಸಿನವರು, ನನ್ನ ವಯಸ್ಸಿನವರು, ಮಗಳ ವಯಸ್ಸಿನವರು ಆಡಿದ ಮಾತುಗಳು ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಯುದ್ಧದ ಬಗ್ಗೆ ಜನ ಯೋಚಿಸುವ ರೀತಿ ಯಾವಾಗ, ಹೇಗೆ ಬದಲಾಯಿತು ಎಂದು ಯಾರನ್ನಾದರೂ ಕೇಳಬೇಕೆನ್ನಿಸಿತ್ತು.

ಗೆಳೆಯನ ಕಾರು ಪಡೆದು ಮೊದಲು ತುಂಗೆಯ ದಡದ ಶಿವಪ್ಪ ನಾಯಕನ ಅರಮನೆಗೆ ಹೋದೆವು. ಒಳಗಿನ ಮರದ ಕಂಬಗಳನ್ನು ನೋಡಲು ಎಲ್ಲರೂ ಹೋಗುತ್ತಾರೆ. ಹೊರಗಿನ ಅಂಗಳದ ಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಮಳೆಗೆ ನೆನೆದಾಗ ವೀರಗಲ್ಲಿನ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತವೆ, ಆದ್ದರಿಂದ ಮಳೆಗಾಲದಲ್ಲಿ ಬಂದದ್ದೇ ಒಳ್ಳೆಯದಾಯಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಅದಕ್ಕೂ ಮೇಲೆ ಸೂರ್ಯಚಂದ್ರರು.

ಮಧ್ಯಾಹ್ನದ ಹೊತ್ತಿಗೆ ಶಿಕಾರಿಪುರ ದಾಟಿ ಬಳ್ಳಿಗಾವೆ. ಕೇದಾರೇಶ್ವರ ದೇವಾಲಯದ ಸುತ್ತ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಇಲ್ಲಿಯ ಸೀಮೆಯ ವೀರಗಲ್ಲುಗಳಲ್ಲಿ ಹೆಚ್ಚಿನವು ರಾಜರ ದಂಡಯಾತ್ರೆಯವಲ್ಲ. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನು, ಊರಿಗೆ ಬೆಂಕಿಯಿಟ್ಟಾಗ ಹೋರಾಡಿ ಸತ್ತವನು, ಹೆಂಗಸರ ಮಾನ ಕಾಯಲು ಹೋಗಿ ಸತ್ತವನು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಕೊಡುತ್ತಿದ್ದರು. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹವಿದು, ರಣದಲ್ಲಿ ಸಾಯಲು ಚಿಂತೆ ಏಕೆ ಎಂದು ಸಾರುವ ಶ್ಲೋಕವೊಂದು ಎಷ್ಟೋ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕಾಲದವರಿಗೆ ಸಾವಿನ ಭಯವಿರಲಿಲ್ಲವೆಂದು ನಾನು ನಂಬುವುದಿಲ್ಲ. ಭಯವಿದ್ದುದರಿಂದಲೇ ಆ ಶ್ಲೋಕವನ್ನು ಅಷ್ಟು ಸಲ ಕೊರೆಯಬೇಕಾಯಿತು.

ಮಗಳು ಹೆಚ್ಚು ಹೊತ್ತು ನಿಂತದ್ದು ಮಾಸ್ತಿಕಲ್ಲಿನ ಮುಂದೆ. ಬಳೆ ತೊಟ್ಟ ಒಂದು ತೋಳು, ಮೇಲಕ್ಕೆತ್ತಿದ ಅಂಗೈ. “ಅಪ್ಪ, ಭೂಮಿ ಯಾರಿಗೆ ಕೊಟ್ಟರು? ಇವಳು ಚಿತೆ ಏರಿದ ಮೇಲೆ ಅದನ್ನು ಉಂಡವರು ಯಾರು?” ಎಂದು ಕೇಳಿದಳು. ಮಕ್ಕಳೋ ಮೈದುನರೋ ಇರಬೇಕು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಅಲ್ಲಿಂದ ತಾಳಗುಂದ ಹತ್ತಿರ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಮಯೂರಶರ್ಮ ಗುರು ವೀರಶರ್ಮನೊಡನೆ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಿಂದಲೇ ಕತ್ತಿ ಹಿರಿದದ್ದು ಎಲ್ಲವೂ ಅದರಲ್ಲಿದೆ. ಒಂದು ಬೀದಿ ಜಗಳ ಕದಂಬ ರಾಜವಂಶವಾಗಿ ಬೆಳೆಯಿತು. ಕಂಬದ ಬಳಿ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಛತ್ರಿಯೊಳಗೆ ಬಂದು ನಿಂತು, “ಅವಮಾನ ಬಹಳ ದೊಡ್ಡದು ಸ್ವಾಮಿ. ಹಸಿವು ಒಂದು ದಿನದ್ದು, ಅವಮಾನ ಮಕ್ಕಳ ಕಾಲಕ್ಕೂ ಬರುತ್ತದೆ” ಎಂದರು. ಮೇ ತಿಂಗಳ ಮಾತುಗಳನ್ನು ನೆನೆದುಕೊಂಡಾಗ ಅವರು ಹೇಳಿದ್ದು ಸರಿಯೆನ್ನಿಸಿತು.

ಎರಡನೆಯ ದಿನ: ತೀರ್ಥಹಳ್ಳಿ, ಕವಲೇದುರ್ಗ

ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆ ತುಂಗೆಯ ಪಕ್ಕದಲ್ಲೇ ಸಾಗುತ್ತದೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ತುಂಬಿದ್ದವು. ಮಳೆಗಾಲದಲ್ಲಿ ಹೋಗುವವರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ತೀರ್ಥಹಳ್ಳಿಯಲ್ಲಿ ಬಿಸಿ ಕೊಟ್ಟೆ ಕಡುಬು, ಕಾಯಿ ಚಟ್ನಿ. ಹೋಟೆಲಿನವರು ಎಲೆ ಬಿಚ್ಚಿ ಬಡಿಸುತ್ತಾ ಪರಶುರಾಮನ ಕಥೆ ಹೇಳಿದರು. ತಾಯಿಯ ತಲೆ ಕಡಿದ ಕೊಡಲಿಯ ರಕ್ತ ಎಲ್ಲ ತೀರ್ಥಗಳಲ್ಲಿ ತೊಳೆದರೂ ಎಳ್ಳಿನಷ್ಟು ಉಳಿದುಬಿಟ್ಟಿತಂತೆ. ಅದು ಹೋದದ್ದು ಇಲ್ಲಿಯ ತುಂಗೆಯಲ್ಲಿ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಇಲ್ಲಿ ಮುಳುಗು ಹಾಕುವುದು ಆ ನೆನಪಿಗಾಗಿ. ಆಯುಧವನ್ನು ಪೂಜಿಸುವ ಊರುಗಳು ಬೇಕಾದಷ್ಟಿವೆ, ಆಯುಧದ ಕಲೆಯನ್ನು ತೊಳೆದ ಊರೊಂದು ನಮ್ಮ ಮಲೆನಾಡಿನಲ್ಲಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಕವಲೇದುರ್ಗಕ್ಕೆ ಗದ್ದೆಯ ಅಂಚಿನಿಂದ ಹತ್ತಬೇಕು. ಚಪ್ಪಡಿ ಕಲ್ಲುಗಳ ಮೇಲೆ ಪಾಚಿ. ಹಿಡಿತವಿರುವ ಬೂಟು ಇಲ್ಲದೆ ಮಳೆಗಾಲದಲ್ಲಿ ಹತ್ತುವುದು ಬೇಡ. ಇಂಬಳಗಳಿಗೆ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿ ಒಯ್ದರೆ ಉಪ್ಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮೂರು ಸುತ್ತಿನ ಕೋಟೆ ದಾಟಿ ಅರಮನೆಯ ನೆಲಗಟ್ಟಿಗೆ ಬಂದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಗಳ ಕೆಂಪು ರೇನ್‌ಕೋಟ್ ಮಾತ್ರ ಕಾಣುತ್ತಿತ್ತು. ಕೆಳದಿಯ ಅರಸರ ಈ ನೆಲೆಯಲ್ಲಿ ಈಗ ಗೋಡೆಗಳಿಲ್ಲ. ಐದು ಬಾಯಿಯ ಕಲ್ಲಿನ ಒಲೆ ಮಾತ್ರ ಒಡೆಯದೆ ಉಳಿದಿದೆ. ಇಳಿಯುವಾಗ ಮಗಳು ಜಾರಿ ಕುಳಿತು ಮೊಣಕೈ ತರಚಿತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಸೊಪ್ಪು ಜಜ್ಜಿ ಹಚ್ಚಿದರು.

ಆ ರಾತ್ರಿ ಉಳಿದದ್ದು ಅಡಿಕೆ ತೋಟದ ನಡುವಿನ ಹಳೆಯ ತೊಟ್ಟಿಮನೆಯಲ್ಲಿ. ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಕಳಲೆ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಮಿಡಿ. ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿದ್ದೇನೆ, ಹೆದರದೆ ತಿನ್ನಿ ಎಂದರು. ಊಟದ ನಡುವೆ ನಮ್ಮ ಪ್ರವಾಸದ ಕಾರಣ ಕೇಳಿ, ಬಡಿಸುವುದನ್ನು ಸೊಸೆಗೆ ಬಿಟ್ಟು ಎದುರಿಗೆ ಕುಳಿತರು.

“ಚೀನಾದ ಯುದ್ಧದ ವರ್ಷ ನಮ್ಮ ಅಮ್ಮ ಕೈಯ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು ಕೂಸೇ. ಯಾರೂ ಬಲವಂತ ಮಾಡಲಿಲ್ಲ. ನನ್ನ ಮದುವೆಗೆಂದು ಇಟ್ಟ ಬಳೆ ಅದು. ಮೂರು ವರ್ಷಕ್ಕೆ ಪಾಕಿಸ್ತಾನದ ಯುದ್ಧ. ಶಾಸ್ತ್ರಿಗಳು ಹೇಳಿದರೆಂದು ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ನಾವು ಮಕ್ಕಳು ಹಸಿದುಕೊಂಡು ರೇಡಿಯೊ ಕೇಳುತ್ತಿದ್ದೆವು. ಅಯ್ಯೋ, ಎಷ್ಟು ಉತ್ಸಾಹ! ಲಾಹೋರು ಹಿಡಿಯಬೇಕೆಂದು ನಾವೂ ಕೂಗಿದ್ದೇವೆ.”

“ಅಂದರೆ ನೀವೂ ನಮ್ಮ ಹಾಗೆಯೇ ಇದ್ದಿರಿ” ಎಂದಳು ಮಗಳು.

“ಇದ್ದೆವು. ಆದರೆ ಕೂಗುವವರೆಲ್ಲ ಹಸಿದಿದ್ದೆವು.”

ಅವರ ಅಣ್ಣ ಸೈನ್ಯ ಸೇರಿ 1971ರಲ್ಲಿ ಪೂರ್ವದ ಗಡಿಯಲ್ಲಿದ್ದರು. ಬದುಕಿ ಬಂದರು, ತೋಟ ಮಾಡಿದರು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಯುದ್ಧದ ಕಥೆ ಹೇಳು ಎಂದು ಮಕ್ಕಳು ಮುತ್ತಿದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರಂತೆ. ತಂಗಿಗೆ ಒಂದೇ ಸಲ ಹೇಳಿದ್ದು: ಅಲ್ಲಿಯೂ ನಮ್ಮಂತೆಯೇ ಗದ್ದೆ, ಕೆಸರು, ಮನೆಯ ಹಿಂದೆ ಅಡಿಕೆ ಮರ. ಒಂದು ಮನೆಯೊಳಗೆ ಹೋದಾಗ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಸೌದೆ ಹಿಂದಕ್ಕೆಳೆದು ಬೆಂಕಿ ಆರಿಸಿ ಹೊರಟರಂತೆ, ಅನ್ನ ಸೀಯಬಾರದೆಂದು.

ಅಜ್ಜಿ ಮುಂದೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ರಾತ್ರಿ ಪಕ್ಕದ ಮನೆಯಲ್ಲಿ ತಾಳಮದ್ದಳೆ. ಮಳೆಗಾಲದಲ್ಲಿ ಬಯಲಾಟದ ಮೇಳಗಳು ನಿಂತಾಗ ಜಗಲಿಯ ಮೇಲೆ ಭಾಗವತರು, ಮದ್ದಳೆ, ಅರ್ಥಧಾರಿಗಳು ಕುಳಿತರೆ ಸಾಕು. ಪ್ರಸಂಗ ಕೃಷ್ಣಸಂಧಾನ. ಕೌರವನ ಅರ್ಥ ಹೇಳಿದವರು ಅಡಿಕೆ ಬೆಳೆಗಾರರು. ಸಂಜೆ ತನಕ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಬಂದಿದ್ದರು, ಅಂಗಿಯ ತೋಳಿನಲ್ಲಿ ಇನ್ನೂ ನೀಲಿ ಕಲೆಯಿತ್ತು. ಐದು ಹಳ್ಳಿ ಏಕೆ ಕೊಡಬಾರದು ಎಂಬುದಕ್ಕೆ ಅವರು ಕೊಟ್ಟ ಕಾರಣಗಳನ್ನು ಕೇಳಿ ಮಗಳು ಎರಡು ಸಲ ಚಪ್ಪಾಳೆ ತಟ್ಟಿದಳು. ಬರುವಾಗ ಕೇಳಿದಳು: “ಅವನ ಮಾತು ಕೇಳುತ್ತಾ ಸರಿ ಅನ್ನಿಸಿಬಿಟ್ಟಿತಲ್ಲ ಅಪ್ಪ?” ಅದಕ್ಕಾಗಿಯೇ ನಮ್ಮ ಹಿರಿಯರು ಈ ಕಲೆಯನ್ನು ಬೆಳೆಸಿದರೆಂದು ನನ್ನ ನಂಬಿಕೆ. ಕುರುಕ್ಷೇತ್ರಕ್ಕೆ ಹೋಗುವ ಮೊದಲು ಎದುರಾಳಿಯ ವಾದವನ್ನು ಪೂರ್ತಿ ಕೇಳಲೇಬೇಕು; ಅದನ್ನು ಹೇಳಲು ಊರಿನ ಒಳ್ಳೆಯ ಮಾತುಗಾರನೇ ಕುಳಿತುಕೊಳ್ಳಬೇಕು.

ಮೂರನೆಯ ದಿನ: ಬಿದನೂರು ನಗರದ ದಾರಿ

ಬೆಳಿಗ್ಗೆ ಅಜ್ಜಿ ಹಲಸಿನ ಹಪ್ಪಳದ ಕಟ್ಟು ಕೊಟ್ಟು ಕಳಿಸಿದರು. ಕಾಡಿನ ನಡುವಿನ ಕಿರುದಾರಿಯಲ್ಲಿ ಮಳೆ ಜೋರಾಗಿ ಎದುರಿನ ಗಾಜು ಕಾಣದಂತಾದಾಗ ಒಂದು ಶಾಲೆಯ ಜಗಲಿ ಸೇರಿಕೊಂಡೆವು. ಸ್ವಾತಂತ್ರ್ಯೋತ್ಸವದ ತಾಲೀಮು ನಡೆದಿತ್ತು. ಹಸಿರು ಬಣ್ಣ ಬಳಿದ ಅಡಿಕೆ ಹಾಳೆಯ ಟೊಪ್ಪಿ, ಮರದ ಬಂದೂಕು, ರಟ್ಟಿನ ವಿಮಾನ. ಹೆಣ್ಣುಮಕ್ಕಳಿಬ್ಬರು ಸೇನೆಯ ಅಧಿಕಾರಿಗಳಾಗಿ ಪತ್ರಿಕಾಗೋಷ್ಠಿ ನಡೆಸುತ್ತಿದ್ದರು. ಮೇ ತಿಂಗಳಲ್ಲಿ ಟಿವಿಯಲ್ಲಿ ನೋಡಿದ್ದನ್ನು ಆ ಮಕ್ಕಳು ಎಷ್ಟು ಗಂಭೀರವಾಗಿ ಮಾಡುತ್ತಿದ್ದರೆಂದರೆ ನಾವೂ ನೆಟ್ಟಗೆ ನಿಂತು ನೋಡಿದೆವು.

“ಶತ್ರುವಿನ ಪಾತ್ರ ಯಾರದು?” ಎಂದು ಮೇಷ್ಟರನ್ನು ಕೇಳಿದೆ.

“ಯಾರೂ ಒಪ್ಪುವುದಿಲ್ಲ ಸಾರ್. ಒಪ್ಪಿದರೂ ಮನೆಯಲ್ಲಿ ಬಿಡುವುದಿಲ್ಲ. ಆ ಕಡೆ ಖಾಲಿ ಇಟ್ಟಿದ್ದೇವೆ, ಶಬ್ದ ಮಾತ್ರ ಬರುತ್ತದೆ.”

ಹಿಂದಿನ ರಾತ್ರಿ ಕೌರವನಿಗೆ ಚಪ್ಪಾಳೆ ತಟ್ಟಿದ ಅದೇ ಸೀಮೆ ಇದು. ಮಕ್ಕಳನ್ನಾಗಲೀ ಮೇಷ್ಟರನ್ನಾಗಲೀ ದೂರುವುದಿಲ್ಲ. 26 ಮಂದಿಯನ್ನು ಕೊಂದವರ ಪಾತ್ರವನ್ನು ಹತ್ತು ವರ್ಷದ ಮಗುವಿಗೆ ಹಾಕಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದರೂ ಖಾಲಿ ಬಿಟ್ಟ ಆ ಬದಿಯನ್ನು ನೋಡಿ ನನ್ನೆದೆ ಭಾರವಾಯಿತು. ಇತ್ತ ಮಾತು, ಅತ್ತ ಬರೀ ಶಬ್ದ: ಹೀಗೆ ಯುದ್ಧವನ್ನು ಕಲಿತವರು ನಾಳೆ ಸಂಧಾನವನ್ನು ಯಾರೊಡನೆ ಮಾಡಬೇಕು?

ಮುಂದೆ ಒಂದು ತಿರುವಿನಲ್ಲಿ ಮರ ಬಿದ್ದು ರಸ್ತೆ ಕಟ್ಟಿತ್ತು. ಗರಗಸದವರು ಬರುವವರೆಗೆ ಬಸ್ಸಿನವರು, ಹಾಲಿನ ಗಾಡಿಯವರು, ನಾವು ಎಲ್ಲರೂ ಅಂಗಡಿಯೊಂದರ ಮಾಡಿನಡಿ ನಿಂತೆವು. ಮಳೆಗಾಲದಲ್ಲಿ ಈ ಕಡೆ ಬರುವವರು ಒಂದು ಹೊತ್ತನ್ನು ಹೀಗೆ ಕಳೆಯಲು ಸಿದ್ಧರಿರಬೇಕು. ಅಲ್ಲಿ ಸಿಕ್ಕವರು ನಿವೃತ್ತ ಅಂಚೆಯವರು. ಹೊಳೆ ದಾಟಿ, ಸಂಕ ದಾಟಿ, ಒಂಟಿ ಮನೆಗಳಿಗೆ ಕಾಗದ ಮುಟ್ಟಿಸಿದವರು. ಕಷಾಯದ ಲೋಟ ಹಿಡಿದು ಅವರು ಹೇಳಿದ್ದನ್ನು ಮಗಳು ಅಪ್ಪಣೆ ಪಡೆದು ಮೊಬೈಲಿನಲ್ಲಿ ದಾಖಲಿಸಿಕೊಂಡಳು.

“ಕೆಲಸಕ್ಕೆ ಸೇರಿದ ವರ್ಷವೇ ಎಪ್ಪತ್ತೊಂದರ ಯುದ್ಧ. ನಿರಾಶ್ರಿತರ ಪರಿಹಾರಕ್ಕೆಂದು ಪ್ರತಿ ಕಾಗದದ ಮೇಲೂ ಐದು ಪೈಸೆಯ ಇನ್ನೊಂದು ಸ್ಟಾಂಪು ಅಂಟಿಸಬೇಕಿತ್ತು. ಮಗಳ ಬಾಣಂತನದ ಸುದ್ದಿಗೂ ಐದು ಪೈಸೆ, ಸಾಲದ ತಗಾದೆಗೂ ಐದು ಪೈಸೆ. ನಮಗೂ ಯುದ್ಧಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಸ್ಟಾಂಪು ತೋರಿಸುತ್ತಿದ್ದೆ. ಢಾಕಾದಲ್ಲಿ ತೊಂಬತ್ಮೂರು ಸಾವಿರ ಜನ ಶರಣಾದರೆಂದು ರೇಡಿಯೊದಲ್ಲಿ ಬಂದ ರಾತ್ರಿ ದೇವಸ್ಥಾನದ ಗಂಟೆ ಬಾರಿಸಿದ್ದೇವೆ, ಸುಳ್ಳು ಏಕೆ ಹೇಳಲಿ?”

“ಸೈನಿಕರ ಕಾಗದಗಳು ಬರುತ್ತಿದ್ದವೇ ಅಜ್ಜ?” ಮಗಳು ಕೇಳಿದಳು.

“56 ಎಪಿಓ, 99 ಎಪಿಓ, ಅಂದರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರಿಲ್ಲ, ಆ ನಂಬರು ಮಾತ್ರ. ಓದು ಬಾರದ ತಾಯಂದಿರಿಗೆ ನಾನೇ ಓದಿ ಹೇಳುತ್ತಿದ್ದೆ, ನಾನೇ ಉತ್ತರ ಬರೆಯುತ್ತಿದ್ದೆ. ಚಳಿಯಿಂದ ಬೆರಳು ಮರಗಟ್ಟಿದೆ ಎಂದು ಬರೆದಿದ್ದರೆ ಅದನ್ನು ಬಿಟ್ಟು ಓದುತ್ತಿದ್ದೆ. ತಂತಿ ಬಂದರೆ ಮಾತ್ರ ಬಿಟ್ಟು ಓದಲು ಏನೂ ಇರುತ್ತಿರಲಿಲ್ಲ.” ಸ್ವಲ್ಪ ತಡೆದು ಮುಂದುವರಿಸಿದರು. “ಆಗ ಹೆಣ ಊರಿಗೆ ಬರುವುದು ಅಪರೂಪ. ಗಡಿಯ ಹತ್ತಿರವೇ ಸಂಸ್ಕಾರ. ಮನೆಗೆ ಬರುವುದು ತಂತಿ, ಆಮೇಲೆ ಟ್ರಂಕು. ಆ ಸುದ್ದಿ ಮೊದಲು ನನಗೆ ಗೊತ್ತು, ಆಮೇಲೆ ಆ ಮನೆಗೆ, ಆಮೇಲೆ ಊರಿಗೆ. ತೋಟ ದಾಟಿ ನಾನು ಹೋಗುವ ರೀತಿ ನೋಡಿಯೇ ಅವರಿಗೆ ತಿಳಿದುಬಿಡುತ್ತಿತ್ತು. ಈಗ ನೋಡಿ, ಮೊದಲು ದೇಶಕ್ಕೆಲ್ಲ ಗೊತ್ತು, ಆ ಮನೆಗೆ ಕೊನೆಗೆ.”

ಕಾರ್ಗಿಲ್ ಯುದ್ಧ ನನ್ನ ಕಾಲೇಜಿನ ದಿನಗಳದ್ದು. 1999ರ ಆ ಬೇಸಿಗೆಯಲ್ಲಿ ನಾವು ಯುದ್ಧವನ್ನು ಮೊದಲ ಬಾರಿಗೆ ಟಿವಿಯಲ್ಲಿ ನೋಡಿದೆವು. ಡಬ್ಬಿ ಹಿಡಿದು ಹಣ ಕೂಡಿಸಿದೆವು, ಹೆಸರು ತಿಳಿಯದ ಸೈನಿಕರಿಗೆ ಕಾರ್ಡು ಬರೆದೆವು. 527 ಯೋಧರು ಮಡಿದರು. ತ್ರಿವರ್ಣ ಹೊದೆಸಿದ ಪೆಟ್ಟಿಗೆಗಳು ಅವರವರ ಊರಿಗೇ ಬಂದವು. ಸಾವು ಮನೆಯಂಗಳಕ್ಕೆ ಬಂದದ್ದರಿಂದ ಗೌರವ ಹೆಚ್ಚಿತು, ನಿಜ. ಮೆರವಣಿಗೆ ಮುಗಿದ ಮೇಲೆ ಆ ಅಂಗಳ ಮತ್ತೆ ಆ ಮನೆಯವರದ್ದು ಮಾತ್ರವಾಯಿತು. ನನ್ನ ಪೀಳಿಗೆ ಯುದ್ಧಕ್ಕಾಗಿ ಅತ್ತಿದೆ, ಕೂಗಿದೆ, ಹಸಿದಿಲ್ಲ. ಬಳೆ ಬಿಚ್ಚಿದ ಮನೆಗಳ ಕಾಲದಿಂದ ನಾವು ಇಲ್ಲಿಗೆ ಬಂದಿದ್ದೇವೆ. ಈಗ ಯುದ್ಧದ ಭಾರವನ್ನು ಹೊರುವ ಮನೆಗಳು ಕೆಲವೇ, ಮಾತಾಡುವ ಮನೆಗಳು ಎಲ್ಲವೂ. ನನ್ನನ್ನು ಕಾಡುವುದು ಇದೇ, ಹಳಬರು ಶಾಂತರು ಹೊಸಬರು ಉಗ್ರರು ಎಂಬ ಸುಲಭದ ಲೆಕ್ಕವಲ್ಲ.

ಇದನ್ನು ಕಾರಿನಲ್ಲಿ ಹೇಳಿದಾಗ ಮಗಳಿಗೆ ನೋವಾಯಿತು. “ನಾವು ಆಟದಂತೆ ನೋಡಿದೆವು ಎಂದು ನಿಮಗನ್ನಿಸುತ್ತದೆ ಅಪ್ಪ. ನನ್ನ ಗೆಳತಿಯ ಅಣ್ಣ ಜಮ್ಮುವಿನಲ್ಲಿದ್ದ. ಆ ರಾತ್ರಿಗಳಲ್ಲಿ ಅವಳು ಸುದ್ದಿ ನೋಡುತ್ತಿರಲಿಲ್ಲ, ಅವನು ಕೊನೆಯ ಸಲ ಆನ್‌ಲೈನ್ ಇದ್ದ ಸಮಯವನ್ನು ನೋಡುತ್ತಿದ್ದಳು. ನಾವು ನಾಲ್ವರು ಅವಳ ಜೊತೆ ಕುಳಿತಿದ್ದೆವು.” ಅದು ನನಗೆ ತಿಳಿದಿರಲಿಲ್ಲ.

ನಗರದ ಕೋಟೆ ತಲುಪಿದಾಗ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಇದೇ ಹಿಂದಿನ ಬಿದನೂರು. 1763ರಲ್ಲಿ ಹೈದರಾಲಿ ಕೆಳದಿಯವರಿಂದ ಕಿತ್ತುಕೊಂಡ. 1783ರ ಆರಂಭದಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದ. 1830ರ ಹೊತ್ತಿಗೆ ಕಂದಾಯದ ಹೊರೆ ತಾಳದೆ ಈ ಸೀಮೆಯ ರೈತರೇ ದಂಗೆಯೆದ್ದರು, ಅದರ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿತು. ಅಕ್ಕ-ತಂಗಿ ಕೊಳದ ಬಳಿ ಕುಳಿತು ಮಗಳು ಹೇಳಿದಳು: “ಇಷ್ಟು ಜನ ಸತ್ತ ಕೋಟೆಯಲ್ಲಿ ಒಬ್ಬ ಸಿಪಾಯಿಯ ಹೆಸರೂ ಕಾಣುತ್ತಿಲ್ಲ. ದನ ಕಾಯ್ದವನಿಗಾದರೂ ಬಳ್ಳಿಗಾವೆಯ ಕಡೆ ಕಲ್ಲಿದೆ.” ಅವಳ ಪ್ರಬಂಧಕ್ಕೆ ಅಲ್ಲಿ ದಾರಿ ಸಿಕ್ಕಿತೆಂದು ಕಾಣುತ್ತದೆ, ಕತ್ತಲಾಗುವವರೆಗೆ ಬರೆದುಕೊಂಡಳು. ದೇವಗಂಗೆಯ ಕೊಳಗಳನ್ನು ನೋಡಲು ಬೆಳಕು ಉಳಿಯಲಿಲ್ಲ. ನಗರಕ್ಕೆ ಬರುವವರು ಅದಕ್ಕೆ ಬೇರೆಯೇ ಹೊತ್ತು ಇಟ್ಟುಕೊಳ್ಳಬೇಕು.

ಕೊನೆಯ ದಿನ: ಹೊಸನಗರ, ರಿಪ್ಪನ್‌ಪೇಟೆ

ಹೊಸನಗರ ದಾಟಿದ ಮೇಲೆ ರಸ್ತೆಯಂಚಿನಲ್ಲಿ ಒಬ್ಬ ಹುಡುಗ ಮಳೆಯಲ್ಲೇ ಓಡುತ್ತಿದ್ದ. ರಿಪ್ಪನ್‌ಪೇಟೆಯ ಹೋಟೆಲಿನಲ್ಲಿ ನಾವು ನೀರುದೋಸೆ ತಿನ್ನುವಾಗ ಅದೇ ಹುಡುಗ ಒದ್ದೆ ಬಟ್ಟೆಯಲ್ಲಿ ಬಸ್ಸಿನಿಂದಿಳಿದು ಒಳಗೆ ಬಂದ. ಅಗ್ನಿವೀರ ಭರ್ತಿಗೆ ತಯಾರಿ, 1.6 ಕಿಲೋಮೀಟರ್ ಓಟದ ವೇಳೆ ಇಳಿಸಬೇಕು. ಅಯನೂರಿನವರೆಗೆ ಕಾರಿನಲ್ಲಿ ಬಾ ಎಂದೆವು.

ಅವನ ಮಾತಿನಲ್ಲಿ ಶತ್ರುವೂ ಇರಲಿಲ್ಲ, ಸುರಾಂಗನೆಯೂ ಇರಲಿಲ್ಲ. ಒಂದೆಕರೆ ಅಡಿಕೆಗೆ ಎಲೆಚುಕ್ಕೆ ರೋಗ ಬಂದಿದೆ. ಅಕ್ಕನ ಮದುವೆಯ ಸಾಲವಿದೆ. ನಾಲ್ಕು ವರ್ಷ ಸೇವೆ, ಕೊನೆಗೆ ಹನ್ನೊಂದು ಲಕ್ಷ ಎಪ್ಪತ್ತೊಂದು ಸಾವಿರದಷ್ಟು ನಿಧಿ. ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಎಲ್ಲವನ್ನೂ ಲೆಕ್ಕ ಹಾಕಿದ್ದ. ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ.

“ಮೇ ತಿಂಗಳಲ್ಲಿ ಆ ನಾಲ್ಕು ದಿನ ಅಮ್ಮ ನನ್ನ ಬೂಟು ಅಡಗಿಸಿಟ್ಟಿದ್ದರು. ಬರಿಗಾಲಲ್ಲೇ ಓಡಿದೆ. ಕದನ ನಿಂತಿತು ಎಂದ ಮರುದಿನ ಬೆಳಿಗ್ಗೆ ಬೂಟು ತೊಳೆದು ಜಗಲಿಯಲ್ಲಿಟ್ಟಿದ್ದರು. ಆ ವಿಷಯ ನಾವಿಬ್ಬರೂ ಮಾತಾಡಲಿಲ್ಲ ಅಣ್ಣ.”

ಅಯನೂರಿನಲ್ಲಿ ಅವನು ಇಳಿದ ಮೇಲೆ ಮಗಳು ಬಹಳ ದೂರ ಸುಮ್ಮನಿದ್ದಳು. ಯುದ್ಧ ಬೇಕೆನ್ನುವವರೆಲ್ಲ ಮೊದಲು ಆ ತಾಯಿಯನ್ನು ಒಂದು ಮಾತು ಕೇಳಬೇಕು ಎಂದೆ.

“ಬೇಡ ಎನ್ನುವವರೂ ಕೇಳಬೇಕು ಅಪ್ಪ. ಸೈನ್ಯಕ್ಕೆ ಕಳಿಸಬೇಡಿ ಎಂದರೆ ಆ ಹುಡುಗನಿಗೆ ಬೇರೆ ಕೆಲಸ ಎಲ್ಲಿದೆ?” ಎಂದಳು. “ಮತ್ತೆ, ಬಳ್ಳಿಗಾವೆಯವನು ಏನು ಮಾಡಬೇಕಿತ್ತು? ದನ ಹೊಡೆದುಕೊಂಡು ಹೋಗಲಿ ಎಂದು ನೋಡುತ್ತಾ ನಿಲ್ಲಬೇಕಿತ್ತೇ?”

ನಿಲ್ಲಬೇಕಿರಲಿಲ್ಲ, ಎಂದೆ. ಆದರೆ ಅವನಿಗೆ ದನ ಯಾರದ್ದು, ಕಳ್ಳ ಯಾರು, ತಾನು ಸತ್ತರೆ ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಗೊತ್ತಿತ್ತು. ಕಲ್ಲು ನೆಟ್ಟವರೂ ಅವನ ಜೊತೆ ಅದೇ ಊರಿನಲ್ಲಿದ್ದರು. ಅವಳು ಒಪ್ಪಲಿಲ್ಲ. ಹಾಗಾದರೆ ಮಾಸ್ತಿಕಲ್ಲಿನವಳನ್ನು ಯಾರು ನೋಡಿಕೊಂಡರು ಹೇಳಿ ಎಂದಳು. ಶಿವಮೊಗ್ಗದಲ್ಲಿ ರೈಲಿಗೆ ಇನ್ನೂ ಎರಡು ಗಂಟೆಯಿತ್ತು, ನಿಲ್ದಾಣದ ಹೊರಗೆ ಕಾಫಿ ತರಿಸಿಕೊಂಡು ಆ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಂಡೆವು.